ಕ್ಯಾಮೆರಾ ಮಾರುವ ಮೊದಲು ನೆಗೆಟಿವ್‌ನ ಅಂಚು ನೋಡಿ

ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ತೆಗೆದ ಮೊದಲ ರೋಲ್ ತೆಳ್ಳಗೆ (ನೆಗೆಟಿವ್‌ನಲ್ಲಿ ಕಪ್ಪು ಸಾಲದೆ) ಬಂದಿದೆ, ಪೆಂಟಾಕ್ಸ್ ಕೆ1000 ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕೆಟ್ಟಿರಬೇಕು, ಮಾರಿ ಬೇರೆ ತಗೊಳ್ಳಲಾ ಅಂತ ಪೋಸ್ಟಿನಲ್ಲಿ ಕೇಳಿದ್ದೀರಿ. ಆಗಲೇ ಆರು ಜನ ಆರು ಕ್ಯಾಮೆರಾ ಹೆಸರು ಹೇಳಿಯಾಗಿದೆ. ನೀವು ಹಾಕಿದ ನೆಗೆಟಿವ್ ಫೋಟೋವನ್ನು ಯಾರೂ ದೊಡ್ಡದು ಮಾಡಿ ನೋಡಿದ ಹಾಗಿಲ್ಲ.

ಅಂಚು ನೋಡಿ. ತೂತುಗಳ ಪಕ್ಕ ಫಿಲ್ಮಿನ ಹೆಸರು, ಫ್ರೇಮ್ ನಂಬರ್ ಇರುತ್ತಲ್ಲ, ಅದಕ್ಕೆ ಕಾರ್ಖಾನೆಯಲ್ಲೇ ಬೆಳಕು ಕೊಟ್ಟಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವೇ ಇಲ್ಲ. ಅಕ್ಷರ ಕಪ್ಪಗಿದ್ದು ಚಿತ್ರ ಮಾತ್ರ ತೆಳ್ಳಗಿದ್ದರೆ ಬೆಳಕು ಸಾಲದಾಗಿದೆ, ಆಗ ಮೀಟರನ್ನು ಬೈಯಿರಿ. ನಿಮ್ಮದರಲ್ಲಿ ಅಕ್ಷರವೂ ಮಾಸಿದೆ. ತಪ್ಪು ಆಗಿರುವುದು ಫಿಲ್ಮ್ ಡೆವಲಪ್ ಮಾಡುವ ಟ್ಯಾಂಕಿನೊಳಗೆ.

ನೀವೇ ಬರೆದಿದ್ದೀರಿ: ಬಕೆಟ್ ನೀರು 29 ಡಿಗ್ರಿ, ಅದಕ್ಕೆ ಟೈಮ್ 3 ನಿಮಿಷಕ್ಕೆ ಇಳಿಸಿದೆ, ಬಿಡದೆ ಅಲ್ಲಾಡಿಸಿದೆ. ಬಿಸಿ ಜಾಸ್ತಿಯಾದಷ್ಟೂ ಟೈಮ್ ಕಡಿಮೆ, ನಿಜ. ಬಕೆಟ್ಟಿನದು ಸರಿ, ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಎಷ್ಟಿತ್ತು? ಅಳೆದಿಲ್ಲ ಅಲ್ವಾ?

ನಾನೂ ಅಳೆದಿರಲಿಲ್ಲ. ಕಲಿಯುವ ಕಾಲದಲ್ಲಿ ಒಂದು ವರ್ಷ ಬೆಂಗಳೂರು ಕರಗಕ್ಕೆ ರಾತ್ರಿಯಿಡೀ ನಿಂತಿದ್ದೆ. ಎಚ್‌ಪಿ5 ಅನ್ನುವ 400 ವೇಗದ ಕಪ್ಪುಬಿಳುಪು ಫಿಲ್ಮನ್ನು 1600ಕ್ಕೆ ಪುಶ್ ಮಾಡುವ, ಅಂದರೆ ಕಡಿಮೆ ಬೆಳಕಿನಲ್ಲಿ ತೆಗೆದು ಜಾಸ್ತಿ ಹೊತ್ತು ಡೆವಲಪ್ ಮಾಡುವ ಯೋಚನೆ. ಧರ್ಮರಾಯನ ಗುಡಿಯಿಂದ ಕರಗ ಹೊರಬಿದ್ದಾಗ ವೀರಕುಮಾರರ ಕತ್ತಿ, ಮಲ್ಲಿಗೆ, ಜನರ ಮುಖ, ಎಲ್ಲಾ ಸಿಕ್ಕಿತು ಅಂತ ಕುಣಿದುಬಿಟ್ಟಿದ್ದೆ. ಮರುದಿನ ಮಧ್ಯಾಹ್ನ, ಚೈತ್ರದ ಬಿಸಿಲು, ಓವರ್‌ಹೆಡ್ ಟ್ಯಾಂಕಿನ ನೀರು ಕೈ ಸುಡುವ ಹಾಗೆ ಬರುತ್ತಿದೆ. ಐಡಿ-11 ಡೆವಲಪರಿನಲ್ಲಿ, ನೀರು ಬೆರೆಸದೆ, 20 ಡಿಗ್ರಿಗೆ 14 ನಿಮಿಷ ಬೇಕಿತ್ತು. ನಾನು ನಲ್ಲಿ ನೀರಿಗೆ ಥರ್ಮಾಮೀಟರ್ ಹಿಡಿದು 6 ನಿಮಿಷ ಅಂತ ಲೆಕ್ಕ ಹಾಕಿದೆ. ಡೆವಲಪರ್ ಇದ್ದದ್ದು ಫ್ರಿಜ್ಜಿನಲ್ಲಿ! ಅದೂ ಕೂಲ್‌ಡ್ರಿಂಕ್ ಬಾಟಲಿಯಲ್ಲಿ. (ಇದನ್ನು ಮಾತ್ರ ಯಾರೂ ಮಾಡಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ. ಅಮ್ಮ ಬೈದದ್ದು ಸರಿಯಾಗೇ ಇತ್ತು.) 36 ಫ್ರೇಮಿನಲ್ಲಿ ಉಳಿದದ್ದು ಎರಡು. ಮಿಕ್ಕವುಗಳಲ್ಲಿ ಬಲ್ಬು ಮತ್ತು ಮಲ್ಲಿಗೆ ಬಿಟ್ಟರೆ ಏನೂ ಇಲ್ಲ. ನಾನು ಏನು ಮಾಡಿದೆ? ಶಟರ್ ಸರಿಯಿಲ್ಲ ಅಂತ ಕ್ಯಾಮೆರಾ ಮಾರಿದೆ. ಹೊಸದರಲ್ಲೂ ಅದೇ ಕಥೆ. ಕೊನೆಗೆ ಒಬ್ಬ ಹಳೇ ಸ್ಟುಡಿಯೋ ಯಜಮಾನರು ನೆಗೆಟಿವನ್ನು ಕಿಟಕಿಗೆ ಹಿಡಿದು, ಅಂಚು ಓದೋಕೆ ಬರಲ್ವಾ ಅಂದರು.

ಈಗ ನಾನು ಮಾಡುವುದು ಇಷ್ಟು. ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ನೀರು ತುಂಬಿ, ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಕೆಡದ ಹಾಗೆ ಮಾಡುವ ದ್ರಾವಣ), ತೊಳೆಯುವ ನೀರಿನ ಬಾಟಲಿ ಎಲ್ಲವನ್ನೂ ಅದರಲ್ಲೇ ಒಂದು ಗಂಟೆ ನಿಲ್ಲಿಸುತ್ತೇನೆ. ಐಸನ್ನು ಕವರಿಗೆ ಹಾಕಿ ಗಂಟು ಕಟ್ಟಿ ಟಬ್ಬಿಗೆ ಬಿಡಿ, ಡೆವಲಪರಿಗೆ ನೇರವಾಗಿ ಹಾಕಿದರೆ ಅದು ನೀರು ನೀರಾಗುತ್ತೆ. ಥರ್ಮಾಮೀಟರ್ ಡೆವಲಪರ್ ಒಳಗೇ ಇರಲಿ. ಐಡಿ-11ನ್ನು 1+1 (ಸಮಪಾಲು ನೀರು) ಬೆರೆಸಿದರೆ ಎಚ್‌ಪಿ5ಗೆ, 400ಕ್ಕೆ ತೆಗೆದಿದ್ದರೆ, 20 ಡಿಗ್ರಿಯಲ್ಲಿ 13 ನಿಮಿಷ. ಬೇಸಿಗೆಯಲ್ಲಿ 20 ಸಿಗಲಿಲ್ಲವಾ, 24ಕ್ಕೆ ಇಟ್ಟು 9 ನಿಮಿಷದ ಹತ್ತಿರ ಮಾಡಿ, ಆದರೆ ಎಲ್ಲ ಬಾಟಲಿಯೂ 24ರಲ್ಲೇ ಇರಬೇಕು. 5 ನಿಮಿಷಕ್ಕಿಂತ ಕೆಳಗೆ ಹೋಗಲೇಬೇಡಿ. ಸುರಿಯೋಕೆ, ಬಸಿಯೋಕೆ ಅರ್ಧ ನಿಮಿಷ ಹೋಗುತ್ತೆ. 3 ನಿಮಿಷದಲ್ಲಿ ಅದು ಸಣ್ಣ ಪಾಲಲ್ಲ.

ಸ್ಕ್ಯಾನಿನಲ್ಲಿ ತೂತುಗಳ ನೇರಕ್ಕೆ ಬಂದ ಬಿಳಿ ಪಟ್ಟಿ ಜೋರಾಗಿ ಅಲ್ಲಾಡಿಸಿದ್ದರಿಂದ. ತೂತಿನ ಮೂಲಕ ಡೆವಲಪರ್ ನುಗ್ಗಿ ಅಲ್ಲಿ ಜಾಸ್ತಿ ಕೆಲಸ ಮಾಡಿದೆ. ಮಜ್ಜಿಗೆ ಕಡೆಯುವ ಕೆಲಸ ಅಲ್ಲ ಇದು. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ನಿಧಾನ ತಲೆಕೆಳಗೆ ಮಾಡಿ, ಗುಳ್ಳೆ ಹೋಗಲು ಒಮ್ಮೆ ತಟ್ಟಿ, ಸುಮ್ನೆ ಇಟ್ಟುಬಿಡಿ.

ಕೊನೆಯ ಫ್ರೇಮುಗಳು ಹಾಲಿನ ಹಾಗಿವೆ ಅಂದಿರಿ. ಅದು ಫಿಕ್ಸರ್ ಸಾಲದ್ದು, ಬೆಳಕಿನಲ್ಲೇ ಮತ್ತೆ ಫಿಕ್ಸ್ ಮಾಡಿ, ಬಹುಪಾಲು ಸರಿಹೋಗುತ್ತೆ. ಮುಂದೆ ಪ್ರತಿಸಲ ಫಿಲ್ಮಿನ ನಾಲಿಗೆ ತುಂಡನ್ನು (ರೋಲಿನಿಂದ ಹೊರಗೆ ಚಾಚಿದ ತುದಿಯಿಂದ ಕತ್ತರಿಸಿದ್ದು) ಫಿಕ್ಸರಿಗೆ ಹಾಕಿ, ತಿಳಿಯಾಗಲು ಎಷ್ಟು ಹೊತ್ತು ಹಿಡಿಯುತ್ತೋ ಅದರ ಎರಡರಷ್ಟು ಫಿಕ್ಸ್ ಮಾಡಿ.

ಫಿಲ್ಮ್ ವಿಷಯ: ಕಲಿಯುವಾಗ ಒಂದೇ ಫಿಲ್ಮ್, ಒಂದೇ ಡೆವಲಪರ್ ಹಿಡಿಯಿರಿ. ನನ್ನ ಓಟು ಎಚ್‌ಪಿ5ಗೆ, ತಪ್ಪನ್ನು ಸಹಿಸಿಕೊಳ್ಳುತ್ತೆ. ಟ್ರೈ-ಎಕ್ಸ್ ಚೆನ್ನಾಗಿದೆ, ಜೇಬು ನೋಡಿಕೊಳ್ಳಿ. ಫೋಮಾ 400 ಅಗ್ಗ ನಿಜ, ಆದರೆ ನಾನು ಅದನ್ನು 200 ಅಂತಲೇ ತಿಳಿದು ತೆಗೆಯುತ್ತೇನೆ. ಟ್ಯಾಂಕ್ ಮಾತ್ರ ಪ್ಯಾಟರ್ಸನ್ ತಗೊಳ್ಳಿ. ಫಿಲ್ಮ್ ಸುತ್ತುವ ರೀಲಿನಲ್ಲಿ ಒಂದು ಹನಿ ತೇವ ಇದ್ದರೂ ಫಿಲ್ಮ್ ಅರ್ಧದಲ್ಲಿ ಅಂಟುತ್ತೆ, ಚೇಂಜಿಂಗ್ ಬ್ಯಾಗಿನೊಳಗೆ (ಬೆಳಕು ಬೀಳದ ಕಪ್ಪು ಚೀಲ) ಕೈ ಬೆವರಿ ಅಳು ಬರುತ್ತೆ. ಬೋರ್‌ವೆಲ್ ನೀರಾದರೆ ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಿ, ಇಲ್ಲದಿದ್ದರೆ ಬಿಳಿ ಕಲೆ ಖಂಡಿತ.

ಮೀಟರಿನ ಮೇಲೆ ಇನ್ನೂ ಅನುಮಾನವಾ? ಕೆ1000ಕ್ಕೆ ಆಫ್ ಸ್ವಿಚ್ಚೇ ಇಲ್ಲ. ಲೆನ್ಸ್ ಕ್ಯಾಪ್ ತೆಗೆದೇ ಇಟ್ಟರೆ ಬ್ಯಾಟರಿ ಇಳಿಯುತ್ತಾ ಹೋಗುತ್ತೆ. ಹೊಸ ಎಲ್‌ಆರ್44 ಹಾಕಿ, ಕ್ಯಾಪ್ ಮುಚ್ಚಿಡಿ. ಮಾರ್ಕೆಟ್ಟಿನೊಳಗೆ ಹೊರಗಿನ ಬೆಳಕು ಮೀಟರಿನ ಮುಳ್ಳನ್ನು ಮೋಸ ಮಾಡುತ್ತೆ. ಹೂ ಕಟ್ಟುವವರು ಕೂತ ಬೆಳಕಿನಲ್ಲೇ ನಿಮ್ಮ ಅಂಗೈ ಅಳೆದು, ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಜಾಸ್ತಿ ಕೊಡಿ. ಮುಂದಿನ ರೋಲ್ ಆದಮೇಲೆ ಅಂಚು ಕಾಣುವ ಹಾಗೆ ಫೋಟೋ ಹಾಕಿ, ಕತ್ತರಿಸಬೇಡಿ.