‘ಹೊಸ ಕಿಡ್ನಿ ಬಂತಲ್ಲ, ಇನ್ನೇನು?’

ಅಮೆರಿಕದಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಯಜಮಾನರು ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡರು. ಅದು ಶುರುವಾದಾಗಲೇ ಕೆಲಸ ಬಿಟ್ಟರು. ಒಂಬತ್ತು ತಿಂಗಳ ಹಿಂದೆ ಕಿಡ್ನಿ ಕಸಿ ಆಯಿತು. ಡಿಸೆಬಿಲಿಟಿಗೆ, ಅಂದರೆ ಕೆಲಸಕ್ಕೆ ಅಶಕ್ತರಾದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣಕ್ಕೆ, ಅರ್ಜಿ ಹಾಕೋಣ ಎಂದರೆ, ಹೊಸ ಕಿಡ್ನಿ ಬಂತಲ್ಲ, ಇನ್ಯಾರು ಕೊಡುತ್ತಾರೆ ಅನ್ನುತ್ತಾರೆ ಸ್ನೇಹಿತರು. ಸರ್ಕಾರದ ಮುಂದೆ ಕೈಯೊಡ್ಡಲು ಇವರಿಗೂ ಮನಸ್ಸಿಲ್ಲ. ಮೊನ್ನೆ ಬ್ಯಾಂಕಿನಲ್ಲಿ ಇವರ ಸಹಿ ಹೊಂದಲಿಲ್ಲ, ಕೈ ಅಷ್ಟು ನಡುಗುತ್ತದೆ. ನಮಗೆ ಅರ್ಹತೆ ಇದೆಯೇ? ವರ್ಷ ತುಂಬಿದಮೇಲೆ ಏನು?’

ಸೋದರಿ, ಮೊದಲು ಕೈಯೊಡ್ಡುವ ಮಾತು ತೆಗೆದುಹಾಕೋಣ. ನಿಮ್ಮ ಯಜಮಾನರ ಹಳೆಯ ಪೇ ಸ್ಲಿಪ್ ಒಂದನ್ನು ಹುಡುಕಿ ಅವರ ಮುಂದಿಡಿ. ಸೋಷಿಯಲ್ ಸೆಕ್ಯುರಿಟಿ ಎಂದು ಸಂಬಳದ ಶೇಕಡಾ 6.2 ಕಡಿತವಾಗಿರುವುದು ಅದರಲ್ಲೇ ಇದೆ. ದುಡಿದಷ್ಟು ವರ್ಷ ಕಟ್ಟಿದ ವಿಮೆ ಅದು, ಡಿಸೆಬಿಲಿಟಿ ಹಣ ಬರುವುದು ಅದರಿಂದಲೇ. ಮನೆಗೆ ಬೆಂಕಿ ಬಿದ್ದಾಗ ವಿಮೆ ಕೇಳಲು ಯಾರೂ ನಾಚುವುದಿಲ್ಲ. ಇಲ್ಲಿ ಬೆಂಕಿ ಬಿದ್ದದ್ದು ದೇಹಕ್ಕೆ, ಅಷ್ಟೆ.

ಇನ್ನು ಸ್ನೇಹಿತರ ಮಾತು. ಅದು ಪೂರ್ತಿ ತಪ್ಪು. ಸೋಷಿಯಲ್ ಸೆಕ್ಯುರಿಟಿಯ ನಿಯಮದಲ್ಲಿ ಕಿಡ್ನಿ ಕಸಿಯಾದವರನ್ನು ಕಸಿಯ ದಿನದಿಂದ ಒಂದು ವರ್ಷ ಕೆಲಸಕ್ಕೆ ಅಶಕ್ತರೆಂದೇ ಪರಿಗಣಿಸುತ್ತಾರೆ. ಹೃದಯಕ್ಕೂ ಲಿವರಿಗೂ ಅದೇ ಒಂದು ವರ್ಷ, ಶ್ವಾಸಕೋಶಕ್ಕೆ ಮೂರು. ಅದಕ್ಕೂ ಹಿಂದಿನ ಎರಡು ವರ್ಷದ ಡಯಾಲಿಸಿಸ್ ಕೂಡ ತಾನೇ ಒಂದು ಅರ್ಹತೆ. ಆದ್ದರಿಂದ ಅರ್ಜಿಯಲ್ಲಿ ಕೆಲಸಕ್ಕೆ ಅಶಕ್ತರಾದ ದಿನವೆಂದು ಕಸಿಯ ದಿನ ಬರೆಯಬೇಡಿ, ಕೆಲಸ ಬಿಟ್ಟ ದಿನ ಬರೆಯಿರಿ. ಮೊದಲ ಐದು ತಿಂಗಳಿಗೆ ಹಣ ಬರುವುದಿಲ್ಲ, ನಿಮ್ಮ ಲೆಕ್ಕದಲ್ಲಿ ಅದು ಎಂದೋ ಮುಗಿದಿದೆ. ಹಿಂದಿನ ಬಾಕಿ ಸಿಗುವುದು ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳಿಗೆ ಮಾತ್ರ. ಹಾಗಾಗಿ ನೀವು ಒಂದು ತಿಂಗಳು ತಡ ಮಾಡಿದರೆ ಒಂದು ತಿಂಗಳ ಹಣ ಹೋಯಿತು. ಈ ವಾರವೇ ಹಾಕಿ. ಕೆಲಸ ಬಿಟ್ಟು ಬಹಳ ವರ್ಷವಾದರೆ ಕಟ್ಟಿದ ವಿಮೆಯ ಅರ್ಹತೆಯೇ ಜಾರಿಹೋಗುತ್ತದೆ ಎಂಬುದೂ ನೆನಪಿರಲಿ.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ. ವರ್ಷ ತುಂಬಿದ ದಿನವೇ ಹಣ ತಾನಾಗಿ ನಿಲ್ಲುವುದಿಲ್ಲ, ಆದರೆ ಮರುಪರಿಶೀಲನೆ ಬರುತ್ತದೆ. ಆಗ ನೋಡುವುದು ಹೊಸ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ, ದೇಹ ಅದನ್ನು ತಿರಸ್ಕರಿಸಲು ನೋಡಿತೇ, ಬೇರೆ ಅಂಗಗಳಿಗೆ ತೊಂದರೆಯಾಗಿದೆಯೇ, ಮಾತ್ರೆಗಳ ಅಡ್ಡಪರಿಣಾಮ ಎಷ್ಟು ಎಂಬುದನ್ನು. ಈ ಕೊನೆಯದೇ ಹೊರಗಿನವರಿಗೆ ಅರ್ಥವಾಗದ ಸಂಗತಿ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ತದ್ರೂಪಿ ಅವಳಿ ಅಣ್ಣತಮ್ಮಂದಿರ ನಡುವೆ. ಆ ದೇಹಕ್ಕೆ ಬಂದ ಕಿಡ್ನಿ ಪರಕೀಯ ಅನ್ನಿಸಲೇ ಇಲ್ಲ. ಉಳಿದವರಿಗೆಲ್ಲ ದೇಹದ ಕಾವಲನ್ನೇ ಮಾತ್ರೆ ಕೊಟ್ಟು ಮಂಕುಮಾಡಬೇಕು, ಕಿಡ್ನಿ ಇರುವವರೆಗೂ. ಅಂಥ ಮಾತ್ರೆಗಳಲ್ಲೊಂದಾದ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಕೈ ನಡುಗುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಹತ್ತುತ್ತದೆ. ನಿಮ್ಮ ಯಜಮಾನರ ಸಹಿ ಕೆಟ್ಟದ್ದು ಇದರಿಂದಲೇ ಇರಬಹುದು, ವೈದ್ಯರನ್ನು ಕೇಳಿ.

ಕೇಳಿ ಎಂದು ಒತ್ತಿ ಹೇಳಲು ಕಾರಣವಿದೆ. ನಮ್ಮ ಭಾವನವರಿಗೆ ಲಿವರ್ ಕಸಿಯಾದ ಮರುವರ್ಷ ನಾನೂ ಅವರ ಜೊತೆ ತಪಾಸಣೆಗೆ ಹೋಗಿದ್ದೆ. ಪಾರ್ಕಿಂಗ್‌ನಿಂದ ಬಾಗಿಲವರೆಗೆ ಹೋಗುವಷ್ಟರಲ್ಲಿ ಮೂರು ಸಲ ನಿಂತರು, ಒಂದು ಸಲ ಬೇರೆಯವರ ಕಾರಿಗೆ ಕೈಯೂರಿ. ಒಳಗೆ ವೈದ್ಯರು ‘ಹೇಗಿದ್ದೀರಿ’ ಎಂದಾಗ ನಗುತ್ತಾ ‘ಫೈನ್, ಫೈನ್’ ಅಂದರು. ವೈದ್ಯರು ಅದನ್ನೇ ಟೈಪ್ ಮಾಡಿದರು. ನಮ್ಮವರಿಗೆ ‘ಪರವಾಗಿಲ್ಲ’ ಅನ್ನುವುದು ಮರ್ಯಾದೆ. ಕಡತ ಓದುವ ಅಧಿಕಾರಿಗೆ ಅದು ಆರೋಗ್ಯ ಸುಧಾರಿಸಿದ್ದಕ್ಕೆ ಸಾಕ್ಷಿ. ಅವರು ನಿಮ್ಮ ಯಜಮಾನರ ಮುಖ ನೋಡಿರುವುದಿಲ್ಲ, ಕಾಗದ ನೋಡುತ್ತಾರೆ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತು ಕೂರಲು ಆಯಿತು, ಮಧ್ಯಾಹ್ನ ಎಷ್ಟು ಮಲಗಿದರು, ಅಂಗಿಯ ಗುಂಡಿ ಯಾರು ಹಾಕಿದರು, ಜ್ವರ ಬಂದು ಆಸ್ಪತ್ರೆಗೆ ಓಡಿದ್ದು ಯಾವ ತಾರೀಕು, ಬರೆಯಿರಿ. ಒಳ್ಳೆಯ ದಿನವನ್ನೂ ಬರೆಯಿರಿ, ಹೆಚ್ಚು ಮಾಡಿ ಬರೆಯುವುದು ಬೇಡ. ಮುಂದಿನ ಭೇಟಿಯಲ್ಲಿ ನೀವೂ ಒಳಗೆ ಹೋಗಿ ಅದನ್ನು ಓದಿ ಹೇಳಿ. ವೈದ್ಯರ ಪತ್ರದಲ್ಲಿ ‘ಕೆಲಸ ಮಾಡಲಾರರು’ ಎಂಬ ಒಂದು ಸಾಲು ಸಾಲದು. ಎಷ್ಟು ಹೊತ್ತು ನಿಲ್ಲಬಲ್ಲರು, ಎಷ್ಟು ಭಾರ ಎತ್ತಬಲ್ಲರು, ಬೆರಳು ಕೀಲಿಮಣೆಯ ಮೇಲೆ ಆಡುತ್ತವೆಯೇ, ಜನಸಂದಣಿಯಿಂದ ಯಾಕೆ ದೂರವಿರಬೇಕು ಎಂಬ ವಿವರ ಬೇಕು.

ಅರ್ಜಿ ತಿರಸ್ಕಾರವಾದರೆ ಎದೆಗುಂದಬೇಡಿ, ಮೇಲ್ಮನವಿಗೆ 60 ದಿನ ಇರುತ್ತದೆ. ಮಂಜೂರಾಗಿ, ಮರುಪರಿಶೀಲನೆಯಲ್ಲಿ ನಿಲ್ಲಿಸುತ್ತೇವೆಂದು ಪತ್ರ ಬಂದರೆ ಮಾತ್ರ 60 ದಿನ ಕಾಯಬೇಡಿ. ಪತ್ರ ಕೈಸೇರಿದ 10 ದಿನದೊಳಗೆ ಕೇಳಿಕೊಂಡರೆ ತೀರ್ಮಾನವಾಗುವವರೆಗೆ ಹಣ ಮುಂದುವರಿಸುವಂತೆ ಮಾಡಬಹುದು. ಆದರೆ ಕೊನೆಗೆ ಸೋತರೆ ಅದನ್ನು ವಾಪಸು ಕೇಳಬಹುದು.

ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ, ಅದರ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಕಿಡ್ನಿ ಕಾಯಿಲೆಯಿಂದ ಬಂದ ಮೆಡಿಕೇರ್ ಕಸಿಯಾದ 36 ತಿಂಗಳಿಗೆ ಮುಗಿಯುತ್ತದೆ. ಡಿಸೆಬಿಲಿಟಿ ಹಣಕ್ಕೆ 24 ತಿಂಗಳು ಅರ್ಹರಾಗಿದ್ದವರಿಗೆ ಬೇರೆ ದಾರಿಯಲ್ಲಿ ಮೆಡಿಕೇರ್ ಸಿಗುತ್ತದೆ. ಈಗಲೇ ಅರ್ಜಿ ಹಾಕಿ ಎನ್ನಲು ಇದೂ ಒಂದು ಕಾರಣ. ಅದೂ ಇಲ್ಲದೆ, ಬೇರೆ ವಿಮೆಯೂ ಇಲ್ಲದೆ ಹೋದರೆ, ಕಿಡ್ನಿ ಉಳಿಸುವ ಮಾತ್ರೆಗಳಿಗಷ್ಟೇ ಎಂದು 2023ರ ಜನವರಿಯಿಂದ ಒಂದು ಸೌಲಭ್ಯವಿದೆ. ಒಂದು ಹೊತ್ತಿನ ಮಾತ್ರೆಯೂ ತಪ್ಪದಿರಲಿ.

ಫಾರಂ ನೀವೇ ತುಂಬಿಕೊಡಿ. ಕೊನೆಯಲ್ಲಿ ಸಹಿಯನ್ನು ಮಾತ್ರ ಅವರೇ ಮಾಡಲಿ, ಈಗ ಹೇಗೆ ಬರುತ್ತದೋ ಹಾಗೆ.