ಓದುಗರ ಪ್ರಶ್ನೆ: ಕ್ಯಾಂಪಿನ ಹುಡುಗರನ್ನು ಊಟಕ್ಕೆ ಕರೆಯುವುದು ಹೇಗೆ?

ಪ್ರಶ್ನೆ: ನಾವಿರುವುದು ದುಬೈನ ಕರಾಮದಲ್ಲಿ. ನಮ್ಮ ಚರ್ಚಿನ ಕನ್ನಡ ಆರಾಧನೆಗೆ ಸೋನಾಪುರದ ಲೇಬರ್ ಕ್ಯಾಂಪಿನಿಂದ ಏಳೆಂಟು ಹುಡುಗರು ಬರುತ್ತಾರೆ. ಹೆಚ್ಚಿನವರು ಬೀದರ್, ರಾಯಚೂರು ಕಡೆಯವರು, ಇಬ್ಬರು ಉಡುಪಿಯವರು. ‘ಒಂದಿನ ಮನೆಗೆ ಊಟಕ್ಕೆ ಬನ್ನಿ’ ಅಂದರೆ ಎಲ್ಲರೂ ‘ಆಯ್ತಕ್ಕಾ’ ಅನ್ನುತ್ತಾರೆ, ಬರುವುದು ಮಾತ್ರ ಒಬ್ಬರೋ ಇಬ್ಬರೋ. ನಾವು ಕರೆಯುವುದರಲ್ಲೇ ಏನಾದರೂ ತಪ್ಪಿದೆಯೇ?
– ಗೃಹಿಣಿ, ದುಬೈ

ಉತ್ತರ: ‘ಒಂದಿನ’ ಎಂಬುದೇ ತೊಡಕು. ಕ್ಯಾಂಪಿನ ಹುಡುಗನಿಗೆ ನಾಳೆಯ ಡ್ಯೂಟಿ ಗೊತ್ತಾಗುವುದು ಅನೇಕ ಸಲ ಹಿಂದಿನ ರಾತ್ರಿ. ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ ಬಟ್ಟೆ ಒಗೆಯಬೇಕು, ಅಡುಗೆಯ ಸಾಮಾನು ತರಬೇಕು, ಊರಿಗೆ ಫೋನ್ ಮಾಡಬೇಕು. ಓವರ್‌ಟೈಮ್ ಇದೆ ಎಂದರೆ ಅದೂ ಹೋಯಿತು, ಆ ದುಡ್ಡನ್ನು ಬಿಡುವಂತಿಲ್ಲ. ಇನ್ನು ಬರಿಗೈಯಲ್ಲಿ ಅಕ್ಕನ ಮನೆಗೆ ಹೇಗೆ ಹೋಗುವುದೆಂಬ ಸಂಕೋಚ ಬೇರೆ. ಇಷ್ಟನ್ನೂ ಬಾಯಿಬಿಟ್ಟು ಹೇಳಲಾರದೆ ‘ಆಯ್ತಕ್ಕಾ’ ಅಂದುಬಿಡುತ್ತಾರೆ.

ಆದ್ದರಿಂದ ದಿನ ಗೊತ್ತುಮಾಡಿ. ಪ್ರತಿ ತಿಂಗಳ ಮೊದಲ ಭಾನುವಾರ, ಆರಾಧನೆ ಮುಗಿದ ಕೂಡಲೇ, ಇಂತಿಂಥ ಮನೆಯಲ್ಲಿ ಊಟ. ಎರಡು ವಾರ ಮೊದಲೇ ಹೇಳಿಡಿ. ಶನಿವಾರ ರಾತ್ರಿ ಒಂಬತ್ತರ ಮೇಲೆ, ಡ್ಯೂಟಿ ಪಟ್ಟಿ ಬಂದ ನಂತರ, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ. ಗುಂಪಿಗೆ ಒಂದು ಮೆಸೇಜ್ ಹಾಕಿದರೆ ಯಾರನ್ನೂ ಕರೆದಂತಾಗುವುದಿಲ್ಲ. ಎಂಟೂ ಜನರನ್ನು ಒಟ್ಟಿಗೆ ಕರೆಯದೆ ಮೊದಲ ಸಲ ನಾಲ್ವರನ್ನು ಕರೆಯಿರಿ. ಕಾರಿನಲ್ಲಿ ಹಿಡಿಸುವುದೂ ಅಷ್ಟೇ, ಎಲ್ಲರೂ ಬಾಯಿಬಿಟ್ಟು ಮಾತಾಡುವುದೂ ಅಷ್ಟೇ ಜನರಿದ್ದಾಗ.

ಹೋಗಿಬರುವ ವ್ಯವಸ್ಥೆಯನ್ನು ಊಟಕ್ಕಿಂತ ಮೊದಲು ಯೋಚಿಸಿ. ನಿಮ್ಮ ಕಾರಿನಲ್ಲೇ ಕರೆತಂದು ಬಿಡಿ, ಪೆಟ್ರೋಲಿಗೆಂದು ಅವರಿಂದ ಒಂದು ದಿರ್ಹಮನ್ನೂ ತೆಗೆದುಕೊಳ್ಳಬೇಡಿ. ಲೈಸೆನ್ಸಿಲ್ಲದೆ ದುಡ್ಡು ಪಡೆದು ಜನರನ್ನು ಸಾಗಿಸುವುದು ಅಲ್ಲಿ ಅಪರಾಧ. ಕಾರಿಲ್ಲದವರು ಅಲ್ಲಿಯ ಬಸ್ಸು, ಮೆಟ್ರೋಗಳಲ್ಲಿ ನಡೆಯುವ ನೋಲ್ ಕಾರ್ಡಿಗೆ ದುಡ್ಡು ತುಂಬಿಸಿ ಕೊಡಬಹುದು. ಸಿಲ್ವರ್ ಕಾರ್ಡಿನಲ್ಲಿ ಬಸ್ಸು, ಮೆಟ್ರೋ ಎರಡೂ ಸೇರಿದ ಒಂದು ಪ್ರಯಾಣಕ್ಕೆ, ಎಷ್ಟು ವಲಯ ದಾಟಿದರೂ, ಏಳೂವರೆ ದಿರ್ಹಮ್ ಮೀರುವುದಿಲ್ಲ. ಹೋಗಿಬರಲು ತಲೆಗೆ ಹೆಚ್ಚೆಂದರೆ ಹದಿನೈದು. ನಿಮಗದು ಒಂದು ಜ್ಯೂಸಿನ ಬೆಲೆ, ಊರಿಗೆ ಕಳಿಸಿ ಉಳಿದದ್ದರಲ್ಲಿ ತಿಂಗಳು ದೂಡುವವನಿಗೆ ಹಾಗಲ್ಲ. ಕ್ಯಾಂಪಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಮೊದಲೇ ಕೇಳಿಕೊಂಡು, ಅದಕ್ಕೆ ಒಂದು ತಾಸು ಮುಂಚೆ ತಲುಪಿಸಿ.

ಅಡುಗೆಯ ಮಾತಿಗೆ ಬರೋಣ. ಬಿರಿಯಾನಿ ಅವರಿಗೆ ಹೊರಗೂ ಸಿಗುತ್ತದೆ. ಬೀದರ್, ರಾಯಚೂರಿನವರಿಗೆ ಸಿಗದಿರುವುದು ಬಿಸಿ ಜೋಳದ ರೊಟ್ಟಿ. ಒಂದು ಕೆಜಿ ಹಿಟ್ಟಿಗೆ ಹನ್ನೆರಡರಿಂದ ಹದಿನಾಲ್ಕು ರೊಟ್ಟಿ ಬರುತ್ತವೆ. ದುಡಿಯುವ ಹುಡುಗನಿಗೆ ಮೂರಾದರೂ ಬೇಕು, ಆಮೇಲೆ ಅನ್ನವೂ ಬೇಕು. ಅಂಗಡಿಯಲ್ಲಿ ಬಹಳ ದಿನ ಕೂತ ಪ್ಯಾಕೆಟ್ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಹರಿಯುತ್ತದೆ. ಪ್ಯಾಕೆಟ್ಟಿನ ಮೇಲಿನ ತಾರೀಖು ನೋಡಿ ಹೊಸದನ್ನೇ ತನ್ನಿ. ಕುದಿಯುವ ಎಸರು ಹಾಕಿ ಕಲಸಿ, ಕೈಗೆ ತಾಳುವಷ್ಟು ಆರಿದೊಡನೆ ಚೆನ್ನಾಗಿ ನಾದಿ. ಒಮ್ಮೆಗೆ ಎರಡು ರೊಟ್ಟಿಗಾಗುವಷ್ಟೇ ನಾದಿಕೊಳ್ಳಿ, ಇಟ್ಟಷ್ಟೂ ಬಿರಿಯುತ್ತದೆ. ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ. ಮಟನ್ ಮಾಡುವುದಾದರೆ ನಾಲ್ವರಿಗೆ ಒಂದು ಕೆಜಿ. ಉಡುಪಿಯವರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಸಾಕು, ಮೀನಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ಟಿದೆ.

ಬಂದವರನ್ನು ಸೋಫಾದಲ್ಲಿ ಕೂರಿಸಿ ಟಿವಿ ಹಾಕಬೇಡಿ. ಒಬ್ಬನಿಗೆ ಈರುಳ್ಳಿ ಹೆಚ್ಚಲು ಕೊಡಿ, ರೊಟ್ಟಿ ತಟ್ಟಬಲ್ಲವನಿದ್ದರೆ ಹಿಟ್ಟು ನಾದುವ ಕೊಣಮಿಗೆ ಅವನ ಕೈಗೇ ಹೋಗಲಿ. ಕೆಲಸ ಸಿಕ್ಕ ಕೂಡಲೇ ಸಂಕೋಚ ಅರ್ಧ ಇಳಿಯುತ್ತದೆ. ಸಂಬಳ ಎಷ್ಟು, ಸಾಲ ಎಷ್ಟು ಎಂದು ಕೇಳಬೇಡಿ. ಹಳೆಯ ಬಟ್ಟೆಯ ಚೀಲವನ್ನು ಮೊದಲ ಭೇಟಿಯಲ್ಲಂತೂ ಕೊಡಲೇಬೇಡಿ, ಊಟಕ್ಕೆ ಬಂದವನು ಆ ಕ್ಷಣಕ್ಕೆ ದಾನಕ್ಕೆ ಬಂದವನಾಗಿಬಿಡುತ್ತಾನೆ. ಊಟಕ್ಕೆ ಕೂತವರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವುದೂ ಬೇಡ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೋ ಹಂಚುವುದಕ್ಕೆ ಯುಎಇಯಲ್ಲಿ ಶಿಕ್ಷೆಯಿದೆ. ಕಾನೂನು ಇಲ್ಲದಿದ್ದರೂ ಅದು ಸಲ್ಲದು.

ಮುಂದಿನ ತಿಂಗಳ ತಾರೀಖನ್ನು ಅವರು ಚಪ್ಪಲಿ ಮೆಟ್ಟುವ ಮೊದಲೇ ಹೇಳಿಬಿಡಿ. ಎರಡನೇ ಸಲ ಕರೆದಾಗಲೇ ಮೊದಲನೆಯದು ಮನಸಾರೆ ಕರೆದದ್ದೆಂದು ಅವರಿಗೆ ಖಾತ್ರಿಯಾಗುವುದು.

ಪ್ರಶ್ನೆ: ನಮ್ಮ ಪ್ರಾರ್ಥನಾ ಗುಂಪಿನ ನರ್ಸ್ ಸಹೋದರಿಯೊಬ್ಬರನ್ನು ಕ್ಲಿನಿಕ್ಕಿನವರು ಕೆಲಸದಿಂದ ತೆಗೆದಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿಸೋಣ ಅಂದರೆ ಹಿರಿಯರೊಬ್ಬರು ಬೇಡವೇ ಬೇಡ ಅನ್ನುತ್ತಾರೆ. ಇದೆಂಥ ಪ್ರೀತಿ?
– ಓದುಗರು, ಅಜ್ಮಾನ್

ಉತ್ತರ: ಆ ಹಿರಿಯರು ಹೇಳಿದ್ದು ಸರಿ. 2021ರ ದೇಣಿಗೆ ಕಾನೂನಿನಂತೆ ಯುಎಇಯಲ್ಲಿ ವ್ಯಕ್ತಿಗಳು ಚಂದಾ ಎತ್ತುವಂತಿಲ್ಲ, ಪರವಾನಗಿ ಪಡೆದ ಸಂಸ್ಥೆಗಳಿಗೆ ಮಾತ್ರ ಅವಕಾಶ. ವಾಟ್ಸಾಪಿನಲ್ಲಿ ‘ಎಲ್ಲರೂ ಇಷ್ಟಿಷ್ಟು ಹಾಕಿ’ ಎಂದು ಬರೆದವರ ಮೇಲೇ ಕೇಸು ಬೀಳಬಹುದು. ಸಂಗತಿಯನ್ನು ಪಾಸ್ಟರ್‌ಗೆ ತಿಳಿಸಿ, ನೆರವು ಚರ್ಚಿನ ಮೂಲಕವೇ ಹೋಗಲಿ. ಆಕೆಯನ್ನು ಚೆನ್ನಾಗಿ ಬಲ್ಲವರು ಕರೆಕೊಡದೆ, ಪಟ್ಟಿ ಮಾಡದೆ, ತಾವಾಗಿ ಮನೆಗೆ ಅಕ್ಕಿ ಬೇಳೆ ಮುಟ್ಟಿಸಲಿ.

ಅದಕ್ಕೂ ಮೊದಲು ಆಕೆಗೇ ಬರಬೇಕಾದ ದುಡ್ಡು ಇದೆಯೇ ನೋಡಿ. 2023ರಿಂದ ಅಲ್ಲಿ ಕೆಲಸ ಹೋದವರಿಗೊಂದು ಕಡ್ಡಾಯ ವಿಮೆಯಿದೆ. ಮೂಲ ವೇತನ 16,000 ದಿರ್ಹಮ್ ಒಳಗಿದ್ದರೆ ಕಂತು ತಿಂಗಳಿಗೆ 5 ದಿರ್ಹಮ್. ಸತತ ಹನ್ನೆರಡು ತಿಂಗಳು ಕಟ್ಟಿದ್ದರೆ ಮೂಲ ವೇತನದ ಶೇ. 60ರಷ್ಟು, ತಿಂಗಳಿಗೆ 10,000 ದಿರ್ಹಮ್ ಮೀರದಂತೆ, ಮೂರು ತಿಂಗಳವರೆಗೆ ಸಿಗುತ್ತದೆ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ಬಹಳಷ್ಟು ಜನ ಎಡವುವುದು ಇಲ್ಲೇ: ಅಳು, ಗಾಬರಿ, ಹೊಸ ಕೆಲಸದ ಹುಡುಕಾಟ ಎನ್ನುತ್ತ ತಿಂಗಳು ದಾಟಿರುತ್ತದೆ. ಮತ್ತೊಂದು ಎಚ್ಚರ. ತಾವೇ ರಾಜೀನಾಮೆ ಕೊಟ್ಟವರಿಗೆ ಇದು ಸಿಗುವುದಿಲ್ಲ. ತೆಗೆದುಹಾಕಿದ ಕಂಪನಿ ‘ರಾಜೀನಾಮೆಗೆ ಸಹಿ ಮಾಡಿ’ ಎಂದರೆ ಓದದೆ ಸಹಿ ಹಾಕಬಾರದು. ಗುಂಪಿನಲ್ಲಿ ಕಾಗದಪತ್ರ ತಿಳಿದವರೊಬ್ಬರು ಇವತ್ತೇ ಆಕೆಯ ಜೊತೆ ಕೂತು ಅರ್ಜಿ ತುಂಬಿಸಲಿ. ಈಗ ಆಕೆಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ವಾಸಕ್ಕೆ ತೊಂದರೆಯಾದರೆ, ಊರಿಗೆ ಮರಳಲು ಟಿಕೆಟ್ಟಿಗೂ ಇಲ್ಲವೆಂದಾದರೆ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವನ್ನು ಕೇಳಿ.

ಪ್ರಶ್ನೆ: ನಾವು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ನೆರೆಮನೆಯವರು ಕೆಥೊಲಿಕರು. ಕ್ರಿಸ್ಮಸ್ಸಿಗೆ ಅವರನ್ನು ಕರೆದರೆ ವೈನ್ ಇಡದಿದ್ದರೆ ತಪ್ಪಾದೀತೇ?
– ಓದುಗರು, ಶಾರ್ಜಾ

ಉತ್ತರ: ಶಾರ್ಜಾದಲ್ಲಿ ಮದ್ಯಕ್ಕೇ ನಿಷೇಧವಿದೆ, ಆ ಚಿಂತೆ ಬಿಡಿ. ಡಿಸೆಂಬರ್ 25 ಅಲ್ಲಿ ಸಾರ್ವಜನಿಕ ರಜೆಯಲ್ಲ. ಆದ್ದರಿಂದ ಅವರ ಪೂಜೆಯ ಹೊತ್ತು, ಡ್ಯೂಟಿ ಎರಡನ್ನೂ ಕೇಳಿಕೊಂಡು ಊಟದ ಸಮಯ ಗೊತ್ತುಮಾಡಿ. ಊಟದ ಪ್ರಾರ್ಥನೆಯನ್ನು ಅವರ ಮನೆಯ ಹಿರಿಯರಿಗೆ ಬಿಟ್ಟುಕೊಡಿ.

ಪ್ರಶ್ನೆ: ದುಬೈಯಲ್ಲಿರುವ ಮಗನಿಗೂ ಅವನ ರೂಮಿನವರಿಗೂ ಚರ್ಚಿನವರೊಬ್ಬರ ಕೈಯಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು), ಮಸಾಲೆ ಪುಡಿ, ಅವನ ಬೆನ್ನುನೋವಿನ ಮಾತ್ರೆ ಕಳಿಸಬೇಕೆಂದಿದ್ದೇನೆ. ಹೇಗೆ ಕಟ್ಟಲಿ?
– ತಾಯಿ, ಉಡುಪಿ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಗಸಗಸೆ ನೋಡಿ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಒಂದು ಚಮಚ ಸಿಕ್ಕರೂ ಹೊತ್ತು ತಂದವರು ಸಿಕ್ಕಿಬೀಳುತ್ತಾರೆ. ಕರ್ಜಿಕಾಯಿಯಂಥ ನೆವ್ರಿಯ ಹೂರಣಕ್ಕೆ ಗಸಗಸೆ ಹಾಕುವ ರೂಢಿಯಿದ್ದರೆ ಈ ಸಲ ಬಿಡಿ, ಎಳ್ಳು, ಕೊಬ್ಬರಿ, ಗೋಡಂಬಿಯೇ ಸಾಕು. ಮಸಾಲೆ ಪುಡಿಗೂ ಹಾಕಬೇಡಿ, ಸಾರು ಗಟ್ಟಿಯಾಗಲು ಮಗ ಅಲ್ಲೇ ಹುರಿಗಡಲೆಯೋ ಗೋಡಂಬಿಯೋ ಅರೆದುಕೊಳ್ಳಲಿ. ಗಿರಣಿಗೆ ಕೊಡುವುದಾದರೆ ಹಿಂದಿನವರ ಪುಡಿ ಬೆರೆಯದಂತೆ ಯಂತ್ರ ಒರೆಸಿ ಹಾಕಲು ಹೇಳಿ.

ಮಾತ್ರೆಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಲೇಬೇಡಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಅಲ್ಲಿ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಮಗ ಅಲ್ಲಿಯ ವೈದ್ಯರಿಗೇ ತೋರಿಸಲಿ.

ಕುಕ್ಕೀಸ್, ಕುಲ್ಕುಲ್ ಪೂರ್ತಿ ಆರಿದ ಮೇಲೆ, ಕಡಿಮೆಯೆಂದರೆ ನಾಲ್ಕು ತಾಸು ಬಿಟ್ಟು, ಡಬ್ಬಿಗೆ ತುಂಬಿ. ಬಿಸಿಯಿರುವಾಗ ಮುಚ್ಚಿದರೆ ಮೆತ್ತಗಾಗುತ್ತವೆ. ಡಬ್ಬಿಗೆ ಟೇಪು ಸುತ್ತಿ ಕಳಿಸಬೇಡಿ. ಒಯ್ಯುವವರ ಮುಂದೆಯೇ ಒಂದೊಂದನ್ನೂ ತೆರೆದು ತೋರಿಸಿ ಕಟ್ಟಿ. ಅವರ ಲಗೇಜಿನಲ್ಲಿ ಎಷ್ಟು ಕೆಜಿಗೆ ಜಾಗವಿದೆ ಎಂದು ಕೇಳಿಯೇ ತೂಕ ಮಾಡಿ, ವಿಮಾನ ನಿಲ್ದಾಣದಲ್ಲಿ ಹೆಚ್ಚುವರಿ ತೂಕದ ದುಡ್ಡು ಅವರ ತಲೆಗೆ ಬರಬಾರದು.