ಓದುಗರ ಪ್ರಶ್ನೆ: ಹಳೆಯ ಸಾಮಾನಿನ ಗೋಡೌನಿನಲ್ಲಿ ಏನು ಕೆಲಸ?

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಸಿನಿಮಾ ಮತ್ತು ಧಾರಾವಾಹಿಗಳ ಚಿತ್ರೀಕರಣಕ್ಕೆ ಹಳೆಯ ಕಾಲದ ಪೀಠೋಪಕರಣ, ಪಾತ್ರೆ, ಗಡಿಯಾರ ಮುಂತಾದವನ್ನು ಬಾಡಿಗೆಗೆ ಕೊಡುವ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಕರೆದಿದ್ದಾರೆ. ‘ಇಷ್ಟು ಓದಿ ಗುಜರಿ ಅಂಗಡಿ ಸೇರುತ್ತೀಯಾ’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಅಲ್ಲಿ ನಿಜಕ್ಕೂ ಏನು ಕೆಲಸವಿರುತ್ತದೆ? ನನ್ನ ಓದು ಉಪಯೋಗಕ್ಕೆ ಬಂದೀತೇ?
– ಓದುಗರು, ಹಾಸನ

ಉತ್ತರ: ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಕೆಲವು ತಿಂಗಳು ನೀವು ದೂಳು ಒರೆಸುತ್ತೀರಿ, ತೇಗದ ಬೀರುವಿನ ಒಂದು ತುದಿ ಹಿಡಿದು ಮೆಟ್ಟಿಲು ಇಳಿಸುತ್ತೀರಿ, ಬೆಳಗಿನ ಜಾವ ಟೆಂಪೋ ಬಂದಾಗ ಚಲನ್ ಹಿಡಿದು ಗೇಟಿನ ಬಳಿ ನಿಂತಿರುತ್ತೀರಿ. ಆದರೆ ಗುಜರಿಯವನು ಸಾಮಾನಿನ ತೂಕ ಕೇಳುತ್ತಾನೆ. ನಮ್ಮಂಥ ಬಾಡಿಗೆ ಗೋಡೌನಿನಲ್ಲಿ ಮೊದಲು ಕೇಳುವುದು ಅದರ ಇಸವಿಯನ್ನು. ತೂಕದ ಪ್ರಶ್ನೆಯೂ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ 1955ರ ಒಂದು ಕಿರಾಣಿ ಅಂಗಡಿಯ ದೃಶ್ಯಕ್ಕೆ ಸಾಮಾನು ಕಳಿಸಬೇಕಾಗಿತ್ತು. ಕಬ್ಬಿಣದ ತಕ್ಕಡಿ, ಗೋಣಿಚೀಲ, ಬೆಲ್ಲದ ಅಚ್ಚು, ಹಿತ್ತಾಳೆ ಪಾವು ಎಲ್ಲವನ್ನೂ ಜೋಡಿಸಿ, ತಕ್ಕಡಿಯ ಜೊತೆಗೆ ತುಕ್ಕು ಹಿಡಿದ ಆರು ಮೂಲೆಯ ತೂಕದ ಬಟ್ಟುಗಳನ್ನೂ ಇಟ್ಟೆ. ನೋಡಲು ಅವು ಬಹಳ ಹಳೆಯವಾಗಿಯೇ ಕಾಣುತ್ತಿದ್ದವು. ಚಿತ್ರೀಕರಣದ ಸ್ಥಳದಲ್ಲಿ ಕಲಾ ವಿಭಾಗದ ಹಿರಿಯರೊಬ್ಬರು ಒಂದನ್ನು ಕೈಗೆತ್ತಿಕೊಂಡು ಬೆರಳಿನಿಂದ ತುಕ್ಕು ಉಜ್ಜಿದರು. ಅಡಿಯಲ್ಲಿ ‘500 ಗ್ರಾಂ’ ಎಂಬ ಉಬ್ಬಚ್ಚು ಎದ್ದು ಕಂಡಿತು. ಗ್ರಾಂ, ಕಿಲೋಗಳನ್ನು ತಂದ ತೂಕ ಅಳತೆಗಳ ಕಾಯ್ದೆಯಾದದ್ದೇ 1956ರಲ್ಲಿ. ಅವು ಅಂಗಡಿಗಳಿಗೆ ಹಂತ ಹಂತವಾಗಿ ಬಂದದ್ದು ಇನ್ನೂ ಆಮೇಲೆ. ನನ್ನ ಅಂಗಡಿಯವನು ಸೇರು, ತೊಲದ ಕಾಲದವನು. ಅವತ್ತು ಆ ಬಟ್ಟುಗಳನ್ನು ಗೋಣಿಚೀಲದ ಹಿಂದೆ ಮರೆಮಾಡಿ ಚಿತ್ರೀಕರಣ ಮುಗಿಸಿದರು. ನಾನು ಮಾತ್ರ ತುಕ್ಕನ್ನು ನೋಡಿ ವಯಸ್ಸು ಹೇಳುವುದನ್ನು ಬಿಟ್ಟೆ.

ನಿಮ್ಮ ಓದು ಉಪಯೋಗಕ್ಕೆ ಬರುವುದು ಇಲ್ಲಿಯೇ. ರಾಜವಂಶಗಳ ಇಸವಿಗಳಿಗಿಂತ ದಿನಬಳಕೆಯ ವಸ್ತುಗಳ ಇಸವಿ ನಮಗೆ ಹೆಚ್ಚು ಬೇಕು. ನಯಾ ಪೈಸೆ 1957ರ ಏಪ್ರಿಲ್‌ನಲ್ಲಿ ಬಂದಿತು, 1964ರಲ್ಲಿ ಅದರ ಮೇಲಿನ ‘ನಯಾ’ ಹೋಯಿತು. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾದದ್ದು 1961ರಲ್ಲಿ, ಆದ್ದರಿಂದ ಸ್ವಾತಂತ್ರ್ಯ ಹೋರಾಟಗಾರನ ಕೈಗೆ ಅದನ್ನು ಕಟ್ಟುವಂತಿಲ್ಲ. ಪಿನ್‌ಕೋಡ್ 1972ರ ಆಗಸ್ಟ್ 15ರದ್ದು; ಅದಕ್ಕಿಂತ ಹಿಂದಿನ ಕಥೆಯ ಪೋಸ್ಟ್‌ಕಾರ್ಡಿನಲ್ಲಿ ಆರು ಅಂಕಿಗಳಿದ್ದರೆ ಇಡೀ ದೃಶ್ಯ ಕೆಡುತ್ತದೆ. 1973ರ ನವೆಂಬರ್ 1ಕ್ಕೆ ಮೊದಲಿನ ಸರ್ಕಾರಿ ಕಚೇರಿಯ ಬೋರ್ಡಿನಲ್ಲಿ ‘ಕರ್ನಾಟಕ ಸರ್ಕಾರ’ ಎಂದು ಬರೆಯುವಂತಿಲ್ಲ, ‘ಮೈಸೂರು ಸರ್ಕಾರ’ ಎಂದೇ ಇರಬೇಕು. ಗೋಡೌನಿನಲ್ಲಿ ನಾನು ಇಂಥವನ್ನು ಬರೆದಿಡಲು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ನೀವೂ ಮೊದಲ ದಿನದಿಂದಲೇ ಒಂದನ್ನು ಶುರುಮಾಡಿ. ಬಿಡುವಾದಾಗ ರಾಮನಗರದ ಜಾನಪದ ಲೋಕಕ್ಕೂ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೂ ಹೋಗಿ, ಒಂದೊಂದು ಅಳತೆಯ ಪಾತ್ರೆಯ ಮುಂದೆಯೂ ನಿಂತು ಅದರ ಹೆಸರು ಕಲಿತುಕೊಳ್ಳಿ.

ಇನ್ನು ತೂಕದ ವಿಚಾರ. ಹಿತ್ತಾಳೆ, ಕಂಚು, ತಾಮ್ರದ ಸಾಮಾನು ಹೊರಗೆ ಹೋಗುವಾಗ ಫೋಟೊ ತೆಗೆಯುವುದರ ಜೊತೆಗೆ ತೂಗಿ ಚಲನ್‌ನಲ್ಲಿ ಬರೆಯಬೇಕು. ಎರಕ ಹೊಯ್ದ ಹಳೆಯ ದೀಪದ ಕಂಬ ಹೋಗಿ, ಅದೇ ಎತ್ತರದ, ಅದೇ ಆಕಾರದ, ಆದರೆ ಒಳಗೆ ಟೊಳ್ಳಾದ ಹೊಸ ಕಂಬ ವಾಪಸು ಬಂದದ್ದನ್ನು ಕಂಡಿದ್ದೇನೆ. ಫೋಟೊದಲ್ಲಿ ಎರಡೂ ಒಂದೇ. ಸಾಮಾನಿನ ಗುರುತಿನ ಚೀಟಿಯನ್ನು ದಾರದಲ್ಲಿ ಕಟ್ಟಿ, ಅಂಟುಪಟ್ಟಿ ಹಾಕಬೇಡಿ. ಅರಗಿನ ಪಾಲಿಶ್ ಇರುವ ಮರದಿಂದ ಅದನ್ನು ಕೀಳುವಾಗ ಪಾಲಿಶ್ ಸಹ ಎದ್ದು ಬರುತ್ತದೆ. ಲೋಲಕದ ಗಡಿಯಾರವನ್ನು ಸಾಗಿಸುವಾಗ ಲೋಲಕವನ್ನು ಕಳಚಿ, ಕೀಲಿಯನ್ನು ಬೇರೆ ಪೊಟ್ಟಣದಲ್ಲಿ ಸುತ್ತಿಡಿ. ಅಷ್ಟು ಜೋಪಾನವಾಗಿ ಕಳಿಸಿದ ಗಡಿಯಾರವನ್ನು ಅಲ್ಲಿ ನಡೆಸುವುದೇ ಇಲ್ಲ ಎನ್ನುವುದು ಬೇರೆ ಮಾತು: ಟಿಕ್ ಟಿಕ್ ಸದ್ದು ಮೈಕಿಗೆ ಬೀಳುತ್ತದೆ, ಒಂದೇ ದೃಶ್ಯವನ್ನು ಮೂರು ಗಂಟೆ ಚಿತ್ರಿಸಿದರೆ ಮುಳ್ಳುಗಳು ಮುಂದೆ ಹೋಗಿ ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ತಪ್ಪುತ್ತದೆ. ವಾಲ್ವ್ ರೇಡಿಯೋಗಳನ್ನೂ ನಾವು ಹಚ್ಚುವುದಿಲ್ಲ. ಡಯಲ್ಲಿನ ಹಿಂದೆ ಒಂದು ಸಣ್ಣ ಬಲ್ಬ್ ಇಟ್ಟರೆ ಸಾಕು, ಹಾಡನ್ನು ಅವರು ಆಮೇಲೆ ಸೇರಿಸಿಕೊಳ್ಳುತ್ತಾರೆ.

ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ವಿಷಯವನ್ನು ಬರಹದಲ್ಲಿ ಪಡೆಯಿರಿ. ಸಾಮಾನು ಒಡೆದರೆ ಹಣ ತೆರಬೇಕಾದವರು ಬಾಡಿಗೆಗೆ ಪಡೆದವರೋ, ಸಾಗಿಸಿದವರೋ, ಅಥವಾ ಚಲನ್‌ಗೆ ಸಹಿ ಹಾಕಿದ ನೀವೋ? ನಾನು ಹಿಂದೆ ಇದ್ದ ಒಂದು ಕಡೆ ಲಾಟೀನಿನ ಗಾಜಿನ ಬುರುಡೆಗಳ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಆ ಬುರುಡೆಗಳು ಯಾರು ಹಿಡಿದರೂ ಒಡೆಯುತ್ತವೆ.

ಪ್ರಶ್ನೆ: ನಮ್ಮ ಮನೆ ನೂರು ವರ್ಷಕ್ಕಿಂತ ಹಳೆಯದು. ತೂಗುಮಂಚ, ಕಂಚಿನ ಪಾತ್ರೆಗಳು, ಪಂಚಲೋಹದ ಒಂದು ವಿಗ್ರಹ ಮತ್ತು ಗೋಡೆಯಲ್ಲಿ ಜಿಂಕೆಯ ಕೊಂಬುಗಳಿವೆ. ಚಿತ್ರತಂಡವೊಂದು ಇವನ್ನು ಬಾಡಿಗೆಗೆ ಕೇಳುತ್ತಿದೆ. ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ತೂಗುಮಂಚವನ್ನೂ ಪಾತ್ರೆಗಳನ್ನೂ ಕೊಡಿ, ಮಂಚದ ಸರಪಳಿಯ ಕೊಂಡಿಗಳನ್ನು ಎಣಿಸಿ ಬರೆಸಿಕೊಳ್ಳಿ. ವಿಗ್ರಹದ ವಿಷಯ ಬೇರೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪಗಳು ಪುರಾವಸ್ತುಗಳಾಗುತ್ತವೆ. ಲೋಹದ ವಿಗ್ರಹಗಳನ್ನು ನೋಂದಾಯಿಸಬೇಕಾಗುತ್ತದೆ. ನೋಂದಣಿ ಆಗಿರದಿದ್ದರೆ ಮೊದಲು ಆ ಕೆಲಸ ಮಾಡಿಸಿ. ಆದ ಮೇಲೂ ನಾನಾಗಿದ್ದರೆ ಅದನ್ನು ಮನೆಯಿಂದ ಹೊರಗೆ ಕಳಿಸುತ್ತಿರಲಿಲ್ಲ. ಜಿಂಕೆಯ ಕೊಂಬು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದರಿಂದ ಬಾಡಿಗೆ ಪಡೆಯುವ ಯೋಚನೆಯನ್ನೇ ಬಿಡಿ. ನಿಮ್ಮಲ್ಲಿ ಕಾಗದಪತ್ರ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅರಣ್ಯ ಇಲಾಖೆಯನ್ನು ಕೇಳಿ. ಚಿತ್ರತಂಡಕ್ಕೆ ಫೈಬರಿನ ಕೊಂಬು ಸಿಗುತ್ತದೆ, ತೆರೆಯ ಮೇಲೆ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರಶ್ನೆ: ಹವ್ಯಾಸಿ ನಾಟಕ ತಂಡಕ್ಕೆ ಹಿತ್ತಾಳೆ ಪಾತ್ರೆಗಳನ್ನು ಬಾಡಿಗೆಗೆ ತಂದಿದ್ದೇವೆ. ಕಥೆ 1940ರದ್ದು. ಅವನ್ನು ಕಪ್ಪಾಗಿಯೇ ಬಿಡಬೇಕೇ, ಬೆಳಗಬೇಕೇ?
– ಓದುಗರು, ಧಾರವಾಡ

ಉತ್ತರ: ಮೊದಲು ಮಾಲೀಕರನ್ನು ಕೇಳಿ, ಏಕೆಂದರೆ ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಗೆ ಆ ಹಳೆಯ ಬಣ್ಣ ಮತ್ತೆ ಬರಲು ವರ್ಷಗಳೇ ಬೇಕು. ಆದರೆ ಕಥೆಯ ದೃಷ್ಟಿಯಿಂದ ಕೇಳಿದರೆ, ಕಪ್ಪು ಹಿತ್ತಾಳೆ ನಮ್ಮ ಕಾಲದ ಶೋಕಿ. 1940ರಲ್ಲಿ ದಿನವೂ ನೀರು ತುಂಬುತ್ತಿದ್ದ ಕೊಡ ಆಗ ಹಳೆಯದಾಗಿರಲಿಲ್ಲ. ಮನೆಯವರು ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗುತ್ತಿದ್ದರು, ಅದು ಹೊಳೆಯುತ್ತಿತ್ತು. ಬೆಳಗಲು ಒಪ್ಪಿಗೆ ಸಿಗದಿದ್ದರೆ ಹೊಸ ಕೊಡವನ್ನೇ ತನ್ನಿ, ಹೆಚ್ಚು ಸರಿಯಾಗಿರುತ್ತದೆ. ಸಾರು ಬಡಿಸುವ ದೃಶ್ಯವಿದ್ದರೆ ಪಾತ್ರೆಯ ಒಳಗೂ ಬಗ್ಗಿ ನೋಡಿ: ಅಲ್ಲಿ ಕಲಾಯಿಯ, ಅಂದರೆ ತವರದ ಲೇಪದ, ಬಿಳುಪು ಇರಬೇಕು.